ಒಂದು ಒತ್ತಕ್ಷರಕ್ಕಾಗಿ ದುಡಿದವರಿಗೆ

ಹೋದ ವಾರ ಶಿರಸಿಯ ನಮ್ಮ ಡಿಟಿಪಿ ಅಂಗಡಿಯಲ್ಲಿ ಸಿದ್ಧವಾದ ಪುಸ್ತಕವೊಂದು ಅಚ್ಚಾಗಿ ಬಂದಿದೆ. 1930ರ ಅಂಕೋಲೆಯ ಉಪ್ಪಿನ ಸತ್ಯಾಗ್ರಹವನ್ನೂ ಅದರ ಬೆನ್ನಿಗೆ ನಮ್ಮ ಜಿಲ್ಲೆಯಲ್ಲಿ ನಡೆದ ಕರನಿರಾಕರಣೆಯನ್ನೂ ಕುರಿತು, ಮನೆಮನೆಗಳಲ್ಲಿ ಉಳಿದಿದ್ದ ನೆನಪುಗಳನ್ನು ಕೇಳಿ ಬರೆದಿಟ್ಟ ಸಂಗ್ರಹವದು. ಅದರ ತಲೆಬರಹಗಳಲ್ಲಿ ‘ಸ್ವಾತಂತ್ರ್ಯ’ ಎಂಬ ಪದದ ಒತ್ತುಗಳೆಲ್ಲ ತಮ್ಮ ತಮ್ಮ ಅಕ್ಷರಗಳಿಗೆ ಅಂಟಿಕೊಂಡೇ ಕುಳಿತಿವೆ. ಓದುವವರು ಇದನ್ನು ಗಮನಿಸಲಾರರು, ಗಮನಿಸಬೇಕಾಗಿಯೂ ಇಲ್ಲ. ಆದರೆ ಅವು ಹಾಗೆ ಕೂರಲು ಹತ್ತು ತಿಂಗಳು ಹಿಡಿಯಿತು, ಮತ್ತು ಅದಕ್ಕಾಗಿ ದುಡಿದವರಲ್ಲಿ ಹೆಚ್ಚಿನವರಿಗೆ ಕನ್ನಡದ ಒಂದಕ್ಷರವೂ ಓದಲು ಬರುವುದಿಲ್ಲ. ಅವರಿಗೆ ನಾಲ್ಕು ಜನರ ಎದುರಿನಲ್ಲಿ ಕೃತಜ್ಞತೆ ಹೇಳದಿದ್ದರೆ ನನಗೆ ಸಮಾಧಾನವಿಲ್ಲ.

ನಾವು ಪುಟ ಕಟ್ಟಲು ಬಳಸುವುದು ಒಂದು ಮುಕ್ತ ತಂತ್ರಾಂಶವನ್ನು. ಬಹಳ ಕಾಲ ಅದರ ಹಳೆಯ ಆವೃತ್ತಿಯಲ್ಲೇ ಇದ್ದ ನಾವು, ಕಂಪ್ಯೂಟರ್ ಬದಲಾಯಿಸಿದಾಗ ಹೊಸ ಆವೃತ್ತಿಗೆ ಬಂದೆವು. ತಲೆಬರಹದ ಅಕ್ಷರಗಳನ್ನು ಸ್ವಲ್ಪ ಬಿಡಿಬಿಡಿಯಾಗಿ ಇಡಬೇಕೆಂದು ಅಂತರ ಹೆಚ್ಚಿಸಿದ ಕೂಡಲೇ ಒತ್ತುಗಳು ಮೂಲಾಕ್ಷರದಿಂದ ಕಳಚಿಕೊಂಡು ಬಲಕ್ಕೆ ಸರಿದವು. ‘ಕಾರ್ಯ’ದ ಅರ್ಕಾವತ್ತು ಎಲ್ಲಿಗೂ ಸೇರದೆ ನಡುವೆ ನಿಂತಿತು. ಲೇಖಕರು ಎಂಬತ್ತರ ಸಮೀಪದವರು. ಕರಡಚ್ಚನ್ನು ಕನ್ನಡಕದ ಹತ್ತಿರಕ್ಕೆ ಹಿಡಿದು ನೋಡಿ, “ತಮ್ಮಾ, ಇದು ಹೀಗೆಯೇ ಅಚ್ಚಾಗುವುದಾದರೆ ಬೇಡ” ಎಂದಷ್ಟೇ ಹೇಳಿ ಹಾಳೆಯನ್ನು ಮೇಜಿನ ಮೇಲಿಟ್ಟರು.

ಅಂದು ರಾತ್ರಿ ಆ ತಂತ್ರಾಂಶದ ದೋಷಗಳನ್ನು ದಾಖಲಿಸುವ ತಾಣವಾದ ಬಗ್ ಟ್ರ್ಯಾಕರ್‌ನಲ್ಲಿ ಖಾತೆ ತೆರೆದು, ನನಗೆ ಬರುವಷ್ಟು ಇಂಗ್ಲಿಷಿನಲ್ಲಿ, ಕನ್ನಡ ಸರಿಯಾಗಿ ಮೂಡುತ್ತಿಲ್ಲ, ದಯವಿಟ್ಟು ಬೇಗ ಸರಿಪಡಿಸಿ ಎಂದು ಒಂದೇ ಸಾಲು ಬರೆದೆ. ಮರುದಿನ ಆ ವರದಿಯ ಸ್ಥಿತಿ ‘ನೀಡ್‌ಇನ್ಫೋ’ ಎಂದು ಬದಲಾಗಿತ್ತು. ಅರ್ಜಿಯನ್ನು ತಿರುಗಿಸಿ ಎಸೆದರೆಂದೇ ನಾನು ತಿಳಿದೆ. ನಮ್ಮ ಬೀದಿಯ ಇಂಜಿನಿಯರಿಂಗ್ ಓದುವ ಹುಡುಗಿಯೊಬ್ಬಳು ಬಂದು, “ಇದು ತಿರಸ್ಕಾರ ಅಲ್ಲ ಅಣ್ಣಾ, ಇನ್ನಷ್ಟು ಮಾಹಿತಿ ಕೊಡಿ ಎಂದು ಕೇಳಿದ್ದಾರೆ” ಎಂದು ವಿವರಿಸಿದಳು. ನನ್ನ ಮೊದಲ ಧನ್ಯವಾದ ಅವಳಿಗೆ. ಅವಳಿಲ್ಲದಿದ್ದರೆ ಆ ವರದಿ ಅಲ್ಲಿಯೇ ಕೊಳೆಯುತ್ತಿತ್ತು.

ಎರಡನೆಯದು, ಆ ಮಾಹಿತಿ ಕೇಳಿದ ಸ್ವಯಂಸೇವಕರಿಗೆ. ಅವರು ಪ್ರೋಗ್ರಾಂ ಬರೆಯುವವರಲ್ಲ. ಬರುವ ವರದಿಗಳನ್ನು ಓದಿ, ತಾವೂ ಮಾಡಿ ನೋಡಿ, ವಿಂಗಡಿಸಿಡುವುದು ಅವರ ಕೆಲಸ. ಯಾವ ಆವೃತ್ತಿ, ಯಾವ ಆಪರೇಟಿಂಗ್ ಸಿಸ್ಟಂ, ಯಾವ ಫಾಂಟ್, ಏನು ಮಾಡಿದಾಗ ಹೀಗಾಯಿತು, ಹೇಗೆ ಕಾಣಬೇಕಿತ್ತು ಎಂದು ಅವರು ಒಂದೊಂದಾಗಿ ಕೇಳಿದರು. ನಾನು ಇನ್ನೂರು ಪುಟದ ಪುಸ್ತಕವನ್ನೇ ಕಳಿಸಲು ಹೊರಟಿದ್ದೆ. ದೋಷ ಕಾಣುತ್ತಿರುವಷ್ಟು ಕಾಲವೂ ಕಡತವನ್ನು ಕತ್ತರಿಸುತ್ತಾ ಹೋಗಿ ಎಂದು ಅವರು ಸೂಚಿಸಿದ ಮೇಲೆ ಅಧ್ಯಾಯಗಳು ಹೋದವು, ಪ್ಯಾರಾಗಳು ಹೋದವು, ಕೊನೆಗೆ ‘ಸ್ವಾತಂತ್ರ್ಯ’ ಎಂಬ ಒಂದೇ ಪದ ಉಳಿಯಿತು. ತೆರೆಯ ಚಿತ್ರ ತೆಗೆದು, ಕಳಚಿಹೋದ ಒತ್ತಿನ ಸುತ್ತ ಕೆಂಪು ಗೆರೆ ಎಳೆದು, ಅದರ ಪಕ್ಕದಲ್ಲಿ ಹಳೆಯ ಆವೃತ್ತಿಯ ಸರಿಯಾದ ಚಿತ್ರವನ್ನೂ ಇಟ್ಟೆ.

ಆ ಕೆಂಪು ಗೆರೆ ಎಳೆಯುವಾಗಲೇ ಒಂದು ಸಂಗತಿ ನನಗೆ ಹೊಳೆದದ್ದು. ಕನ್ನಡ ಬಾರದವರ ಕಣ್ಣಿಗೆ ಎರಡು ಚಿತ್ರಗಳೂ ಒಂದೇ. ಅವರೆಷ್ಟೇ ಜಾಣರಾಗಿರಲಿ, ಎಷ್ಟೇ ಶ್ರದ್ಧೆಯವರಾಗಿರಲಿ, ಒತ್ತು ತಪ್ಪಿದೆ ಎಂದು ತಾವಾಗಿ ಕಂಡುಹಿಡಿಯುವ ದಾರಿ ಅವರಿಗಿಲ್ಲ. ಓದಬಲ್ಲವರು ನಾವು ಬಾಯಿ ತೆರೆಯಬೇಕು, ಅದೂ ಅವರಿಗೆ ಕಾಣುವ ಹಾಗೆ ಹೇಳಬೇಕು. ನಮ್ಮಲ್ಲಿ ಎಷ್ಟೋ ಮಂದಿ ಇಂಥ ದೋಷಗಳನ್ನು ಕಂಡು, ಬೈದು, ಬೇರೆ ತಂತ್ರಾಂಶಕ್ಕೆ ಹೋಗಿದ್ದೇವೆ, ನಾನೂ ಹೋಗಿದ್ದೇನೆ.

ಮುಂದೆ ನಡೆದದ್ದೆಲ್ಲ ನನಗೆ ಪಾಠವೇ ಆಯಿತು. ಬೇರೆ ಫಾಂಟ್‌ನಲ್ಲೂ ಹೀಗೆಯೇ ಆಗುತ್ತದೆಯೇ ಎಂದು ಡೆವಲಪರ್ ಒಬ್ಬರು ಕೇಳಿದರು. ಒಂದೇ ಫಾಂಟ್‌ನಲ್ಲಾದರೆ ತಪ್ಪು ಫಾಂಟ್‌ನದು, ವರದಿ ಹೋಗಬೇಕಾದದ್ದು ಅದನ್ನು ರೂಪಿಸಿದವರಿಗೆ. ಲೋಹಿತ್, ನೋಟೋ, ಗುಬ್ಬಿ, ನವಿಲು ಎಲ್ಲವನ್ನೂ ಹಾಕಿ ನೋಡಿದೆ, ಎಲ್ಲದರಲ್ಲೂ ಅದೇ ಪಾಡು. ಆಮೇಲೆ ಅವರು ಎಚ್‌ಬಿ-ವ್ಯೂ ಎಂಬ ಸಣ್ಣ ಸಾಧನದಲ್ಲಿ ಅದೇ ಪದವನ್ನು ಮೂಡಿಸಲು ಹೇಳಿದರು. ಫೈರ್‌ಫಾಕ್ಸ್, ಲಿಬ್ರೆಆಫೀಸ್, ಆಂಡ್ರಾಯ್ಡ್‌ಗಳಲ್ಲಿ ನಮ್ಮ ಅಕ್ಷರಗಳನ್ನು ಜೋಡಿಸಿಕೊಡುವ ಹಾರ್ಫ್‌ಬಝ್ ಎಂಬ ಎಂಜಿನ್‌ನ ಜೊತೆಗೇ ಬರುವ ಸಾಧನವದು. ಅದರಲ್ಲಿ ಪದ ಸರಿಯಾಗಿಯೇ ಮೂಡಿತು. ಎಂದರೆ ತಪ್ಪು ಆ ಎಂಜಿನ್ನಿನದಲ್ಲ, ನಮ್ಮ ತಂತ್ರಾಂಶದ್ದೇ. ‘ತ್ರ್ಯ’ ಎಂಬುದು ನಮಗೆ ಒಂದು ಅಕ್ಷರವಾದರೂ ಕಂಪ್ಯೂಟರ್‌ನೊಳಗೆ ತ, ಹಲಂತ (ಸ್ವರವಿಲ್ಲವೆಂದು ತೋರಿಸುವ ಚಿಹ್ನೆ), ರ, ಹಲಂತ, ಯ ಎಂಬ ಐದು ಸಂಕೇತಗಳು. ಹಾರ್ಫ್‌ಬಝ್ ಅವನ್ನು ಆಕಾರಗಳಾಗಿಸಿ, ಇವಿಷ್ಟೂ ಒಂದೇ ಗೊಂಚಲು ಎಂದು ಗುರುತು ಹಾಕಿ ಕೊಡುತ್ತದೆ. ನಮ್ಮ ತಂತ್ರಾಂಶವಾದರೋ ಗೊಂಚಲಿನ ಕೊನೆಯಲ್ಲಿ ಅಂತರ ಸೇರಿಸುವ ಬದಲು ಪ್ರತಿಯೊಂದು ಆಕಾರದ ಮುಂದೂ ಸೇರಿಸುತ್ತಿತ್ತು.

ಅಷ್ಟರಲ್ಲಿ ಇನ್ನೊಬ್ಬರು ಎರಡು ವರ್ಷ ಹಿಂದಿನ ವರದಿಯೊಂದನ್ನು ಹುಡುಕಿ ತೆಗೆದು ನನ್ನದರ ಜೊತೆ ಸೇರಿಸಿದರು. ತೆಲುಗಿನಲ್ಲಿ ಬರೆಯುವವರೊಬ್ಬರು ಇದೇ ತೊಂದರೆಯನ್ನು ಆಗಲೇ ಹೇಳಿದ್ದರು, ಯಾರೂ ಕೈಗೆತ್ತಿಕೊಂಡಿರಲಿಲ್ಲ. ಅವರು ಬೇಸರಪಡದೆ ಮತ್ತೆ ಬಂದು ತಮ್ಮ ಉದಾಹರಣೆಗಳನ್ನೂ ಕೊಟ್ಟರು. ಮತ್ತೊಬ್ಬರು ತಂತ್ರಾಂಶ ಬದಲಾದಾಗಲೆಲ್ಲ ಸಿದ್ಧವಾದ ಪ್ರತಿಗಳನ್ನು, ಅಂದರೆ ಹಳೆಯ ಬಿಲ್ಡ್‌ಗಳನ್ನೆಲ್ಲ ಇಟ್ಟುಕೊಂಡು ನಡುವಿನದನ್ನು ಪರೀಕ್ಷಿಸಿ, ಸರಿಯಿದ್ದರೆ ಮುಂದಿನ ಅರ್ಧ, ಕೆಟ್ಟಿದ್ದರೆ ಹಿಂದಿನ ಅರ್ಧ ಎಂದು ಅರ್ಧರ್ಧ ಮಾಡುತ್ತಾ ಹೋಗಿ, ದೋಷ ನುಸುಳಿದ ಬದಲಾವಣೆಯನ್ನೇ ಹಿಡಿದರು. ಸಾವಿರ ಬಿಲ್ಡ್‌ಗಳಿದ್ದರೂ ಹೀಗೆ ಹತ್ತು ಸಲ ನೋಡಿದರೆ ಸಾಕಂತೆ. ತಮ್ಮ ಭಾಷೆಯಲ್ಲದ ಒಂದು ಪದಕ್ಕಾಗಿ ಅವರು ತಮ್ಮ ಭಾನುವಾರವನ್ನು ಕೊಟ್ಟರು ಎಂಬುದನ್ನು ನಾನು ಮರೆಯಲಾರೆ.

ಮೊದಲ ತಿದ್ದುಪಡಿ ಬಂದಾಗ ತೆರೆಯ ಮೇಲೆ ಎಲ್ಲವೂ ಸರಿಯಾಗಿತ್ತು, ಪಿಡಿಎಫ್ ಮಾಡಿದರೆ ಮಾತ್ರ ಹಳೆಯ ಅಂತರವೇ ಬಂತು. ಇಷ್ಟೆಲ್ಲ ಮಾಡಿದವರಿಗೆ ಮತ್ತೆ ತಪ್ಪು ತೋರಿಸುವುದು ಹೇಗೆಂದು ಎರಡು ದಿನ ಹಿಂಜರಿದೆ. ತಿಳಿಸಿದಾಗ ಡೆವಲಪರ್ ಕೊಟ್ಟ ಉತ್ತರ, ಅಚ್ಚಿಗೆ ಹೋಗುವ ಮೊದಲೇ ಹೇಳಿದ್ದು ಒಳ್ಳೆಯದಾಯಿತು, ಪಿಡಿಎಫ್‌ನ ದಾರಿ ಬೇರೆಯಿದೆ, ನೋಡುತ್ತೇನೆ ಎಂದು. ಮೂರು ವಾರಗಳಲ್ಲಿ ಅದೂ ಸರಿಹೋಯಿತು. ಮುಂದೆ ಯಾರಾದರೂ ಆ ಭಾಗದ ಕೋಡ್ ಬದಲಿಸಿದರೆ ತಾನಾಗಿ ಓಡುವ ಪರೀಕ್ಷೆಯೊಂದನ್ನು ಅವರು ಸೇರಿಸಿದ್ದಾರೆ, ಅದರಲ್ಲಿರುವ ಪದ ನಮ್ಮ ‘ಸ್ವಾತಂತ್ರ್ಯ’ವೇ.

ಅಕ್ಷರಗಳು ಕೂಡುವ ಬಗೆಯನ್ನು ನಿರ್ಧರಿಸುವ, ಕಣ್ಣಿಗೆ ಕಾಣದ ಸಂಕೇತಗಳಾದ ಜಾಯ್ನರ್ ಮತ್ತು ನಾನ್‌ಜಾಯ್ನರ್‌ಗಳನ್ನು ತೆರೆಯ ಮೇಲೆ ಗುರುತಾಗಿ ತೋರಿಸಿದರೆ ‘ರ‍್ಯಾಂಕ್’, ‘ರಾಜ್‌ಕುಮಾರ್’ ಮುಂತಾದ ಪದಗಳ ಕರಡು ತಿದ್ದುವುದು ಸುಲಭವಾದೀತು ಎಂಬ ಸಲಹೆಯನ್ನೂ ನಾನು ಈ ನಡುವೆ ಕೊಟ್ಟಿದ್ದೆ. ಅದು ಇನ್ನೂ ತೆರೆದೇ ಇದೆ. ಸಲಹೆ ಒಳ್ಳೆಯದು, ಮಾಡುವ ಕೈ ಬೇಕು ಎಂದು ನೇರವಾಗಿ ಹೇಳಿದವರಿಗೂ ನಾನು ಋಣಿ. ಬೀದಿಯ ಆ ಹುಡುಗಿ ಈಗ ಅದರ ಕೋಡ್ ಓದಲು ಶುರುಮಾಡಿದ್ದಾಳೆ.

ಪುಸ್ತಕದ ಕೃತಜ್ಞತೆಯ ಪುಟದಲ್ಲಿ, ‘ಒತ್ತಕ್ಷರಗಳನ್ನು ಸರಿಪಡಿಸಿಕೊಟ್ಟ ದೂರದ ಗೆಳೆಯರಿಗೆ’ ಎಂಬ ಒಂದು ಸಾಲನ್ನು ಲೇಖಕರು ತಾವೇ ಸೇರಿಸಿದರು. ಆ ಪುಟದ ಚಿತ್ರವನ್ನು ವರದಿಗೆ ಲಗತ್ತಿಸಿ, ನಿಮ್ಮ ಬಗ್ಗೆ ಇಲ್ಲಿ ಬರೆದಿದೆ ಎಂದು ತಿಳಿಸಿದ್ದೆ. ಯಾವ ಸಾಲು ಎಂದು ಡೆವಲಪರ್ ಕೇಳಿದರು. ಅದರ ಸುತ್ತ ಕೆಂಪು ಗೆರೆ ಎಳೆದು ಕಳಿಸಿದ್ದೇನೆ.