ಭಾನುವಾರದ ಮರದಚ್ಚು ಕೂಟ: ದಯವಿಟ್ಟು ಪೂರ್ತಿ ಓದಿ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಬೆಳಗ್ಗೆ 10ಕ್ಕೆ ನಮ್ಮ ಗ್ಯಾರೇಜಿನಲ್ಲಿ ಸೇರೋಣ.

ಈ ಸಲದ ಮಾದರಿ, ನಾನು ಹಳೆ ಸಾಮಾನಿನ ಅಂಗಡಿಯಲ್ಲಿ ಕೊಂಡ ಮರದಚ್ಚಿನ ಚಿತ್ರ (ಮರದ ಹಲಗೆ ಕೆತ್ತಿ, ಶಾಯಿ ಹಚ್ಚಿ ಕಾಗದಕ್ಕೆ ಒತ್ತಿದ್ದು). ಅಮೆರಿಕದ ನೆಬ್ರಾಸ್ಕದ ಬಯಲಿಗೆ ಹೊಸದಾಗಿ ಬಂದು ನೆಲೆನಿಂತ ರೈತನ ಮನೆ. 1862ರ ಹೋಮ್‌ಸ್ಟೆಡ್ ಕಾಯ್ದೆಯಲ್ಲಿ ಐದು ವರ್ಷ ಅಲ್ಲೇ ಇದ್ದು ಬೇಸಾಯ ಮಾಡಿದರೆ 160 ಎಕರೆ ಸರ್ಕಾರಿ ಜಮೀನು ಸಿಗುತ್ತಿತ್ತಲ್ಲ, ಆ ಕಥೆ. ಮರ ಕಡಿಮೆ, ಹಾಗಾಗಿ ಗೋಡೆಯೆಲ್ಲ ಹುಲ್ಲಿನ ಬೇರು ಸಮೇತ ಕತ್ತರಿಸಿದ ಮಣ್ಣಿನ ಹೆಂಟೆ. ಅದನ್ನು ಸಣ್ಣ ಸಣ್ಣ ಅಡ್ಡಗೀರಿನಲ್ಲಿ ತೋರಿಸಿದ್ದಾರೆ. ಆಕಾಶವನ್ನು ಪೂರ್ತಿ ಕೆತ್ತಿ ತೆಗೆದು ಬಿಳಿ ಬಿಟ್ಟಿದ್ದಾರೆ, ಕೈ ನೋಯುವ ಕೆಲಸ ಅದೇ! ಆ ನೆಲದಲ್ಲಿ ಮೊದಲಿದ್ದ ಮೂಲನಿವಾಸಿಗಳ ಸುಳಿವೇ ಚಿತ್ರದಲ್ಲಿಲ್ಲ. ಅದನ್ನೂ ಮಾತಾಡೋಣ.

ಹಲಗೆ, ಶಾಯಿ, ಕಾಗದ ನನ್ನದು. ಉಳಿ ಮತ್ತು ಕಾಗದ ಉಜ್ಜಲು ಒಂದು ಹಳೆ ಚಮಚ ನೀವು ತನ್ನಿ. ಅಕ್ಷರ ಕೆತ್ತುವವರು ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿ ಬರೆದುಕೊಂಡು ಬನ್ನಿ. ಕಳೆದ ಸಲ ನನ್ನ ಹೆಸರೇ ಉಲ್ಟಾ ಅಚ್ಚಾಗಿತ್ತು, ನೆನಪಿದೆ ಅಲ್ವಾ? ಮಕ್ಕಳು ಬರಬಹುದು, ಆದರೆ ಉಳಿ ಮುಟ್ಟುವ ಹಾಗಿಲ್ಲ.

ಬರುವವರು ಗುರುವಾರ ರಾತ್ರಿಯೊಳಗೆ ಇಲ್ಲೇ ಹೆಸರು ಹಾಕಿ. ನಾನು ಹಲಗೆ ಕತ್ತರಿಸಿಡಬೇಕು. ಸುಮ್ನೆ ಹೆಬ್ಬೆಟ್ಟು ಒತ್ತಿದರೆ ಲೆಕ್ಕ ಸಿಗೋದಿಲ್ಲ.