ಕ್ಯಾಲಿಪರ್ ಬದಲಿಸುವ ಮುನ್ನ ಆ ನಿಪ್ಪಲ್ ಒಮ್ಮೆ ಸಡಿಲಿಸಿ

ಮಾನ್ಯ ಸಂಪಾದಕರೇ,

ನಿಮ್ಮ ವಾಹನ ಪುಟದಲ್ಲಿ ಹಳೇ ಕಾರುಗಳ ಬ್ರೇಕ್ ಬಗ್ಗೆ ಬಂದ ಬರಹ ಓದಿದೆ. ಚಕ್ರ ಹಿಡಿದುಕೊಂಡರೆ, ಅಂದರೆ ಪೆಡಲ್ ಬಿಟ್ಟರೂ ಬ್ರೇಕ್ ಬಿಡದಿದ್ದರೆ, ಕ್ಯಾಲಿಪರ್ (ಚಕ್ರದ ಜೊತೆ ತಿರುಗುವ ಡಿಸ್ಕನ್ನು ಎರಡು ಪ್ಯಾಡಿನ ನಡುವೆ ಒತ್ತಿ ಹಿಡಿಯುವ ಭಾಗ) ಹೋಯಿತೆಂದೇ ಲೆಕ್ಕ, ರಿಪೇರಿ ಗಿಪೇರಿ ಅಂತ ಕೂರಬೇಡಿ, ಹೊಸದು ಹಾಕಿಸಿ ಎಂಬುದು ಅದರ ಸಾರ. ನಾನು 31 ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವಳು. ಉತ್ತರ ಬರೆದು ಹೆಜ್ಜೆ ಬಿಟ್ಟ ಮಕ್ಕಳಿಗೆ ಪೂರ್ತಿ ಅಂಕ ಕೊಟ್ಟವಳಲ್ಲ. ಈ ಬರಹದಲ್ಲಿ ಬಿಟ್ಟಿರುವುದೂ ಒಂದು ಹೆಜ್ಜೆ. ಅದೇ ಹೆಜ್ಜೆ ಬಿಟ್ಟಿದ್ದಕ್ಕೆ ನಾನು ಒಮ್ಮೆ ದಂಡ ತೆತ್ತಿದ್ದೇನೆ, ಅದಕ್ಕೇ ಈ ಪತ್ರ.

ನನ್ನ ಕಾರಿಗೆ ಈಗ 17 ವರ್ಷ. ತೊಂದರೆ ಶುರುವಾದಾಗ ಅದು ಮೊದಲು ಗೊತ್ತಾಗಿದ್ದು ಮೂಗಿಗೆ. ಗಾಡಿ ನಿಲ್ಲಿಸಿ ಇಳಿದರೆ, ಬಟ್ಟೆ ಮೇಲೆ ಇಸ್ತ್ರಿ ಪೆಟ್ಟಿಗೆ ಮರೆತಾಗ ಬರುತ್ತದಲ್ಲ, ಅಂಥ ವಾಸನೆ. ಮುಂದಿನ ಎಡ ಚಕ್ರದ ಹತ್ತಿರ ಕೈ ತಂದರೆ ಒಲೆಯ ಮುಂದೆ ನಿಂತ ಹಾಗೆ ಕಾವು. ಬಲ ಚಕ್ರ ಬರೀ ಬೆಚ್ಚಗಿತ್ತು. ಆಮೇಲೆ ಯೋಚಿಸಿದರೆ ಗಾಡಿ ಒಂದು ತಿಂಗಳಿಂದ ಹೇಳುತ್ತಲೇ ಇತ್ತು, ನಾನೇ ಕೇಳಿಸಿಕೊಂಡಿರಲಿಲ್ಲ. ಸ್ಟಿಯರಿಂಗ್ ಎಡಕ್ಕೆ ಎಳೆಯುತ್ತಿತ್ತು, ಟೈರಿನಲ್ಲಿ ಗಾಳಿ ಕಡಿಮೆ ಇರಬೇಕು ಅಂದುಕೊಂಡೆ. ಪೆಟ್ರೋಲ್ ಜಾಸ್ತಿ ಕುಡಿಯುತ್ತಿತ್ತು, ವಯಸ್ಸಾಯಿತಲ್ಲ ಅಂದುಕೊಂಡೆ. ಮನೆ ಮುಂದಿನ ಸಣ್ಣ ಇಳಿಜಾರಿನಲ್ಲಿ ನ್ಯೂಟ್ರಲ್‌ಗೆ ಹಾಕಿದರೆ ತಾನೇ ಉರುಳುತ್ತಿದ್ದ ಗಾಡಿ, ಈಗ ಉರುಳದೆ ನಿಂತುಬಿಡುತ್ತಿತ್ತು. ಎಡ ಚಕ್ರದ ಡಿಸ್ಕಿನಲ್ಲಿ ನೀಲಿ ಛಾಯೆ ಕೂಡ ಬಂದಿತ್ತು. ಮಗ ಫೋನಿನಲ್ಲಿ, "ಅಮ್ಮಾ, ಸುಮ್ನೆ ಮಾರಿಬಿಡು" ಅಂದ. ಅವನು ಎಲ್ಲದಕ್ಕೂ ಹೇಳುವ ಉತ್ತರ ಅದು.

ಮೊದಲು ಹೋದ ಗ್ಯಾರೇಜಿನಲ್ಲಿ ಚಕ್ರ ಬಿಚ್ಚಿದರು, ಸ್ಕ್ರೂ ಡ್ರೈವರ್ ತೂರಿಸಿ, ಪ್ಯಾಡನ್ನು ಡಿಸ್ಕಿಗೆ ಒತ್ತುವ ಪಿಸ್ಟನ್ ಹಿಂದಕ್ಕೆ ತಳ್ಳಲು ನೋಡಿದರು, "ಜಾಮ್ ಆಗಿದೆ ಮೇಡಂ, ಕ್ಯಾಲಿಪರ್ ಚೇಂಜ್" ಅಂದರು. ಮಾಡಿಸಿದೆ. ಪ್ಯಾಡೂ ಹೊಸದು. ಹಳೇ ಪೀಸ್ ವಾಪಸ್ ಕೇಳುವುದು ನನ್ನ ಹಳೇ ಚಾಳಿ. ಕೇಳಿ ತಂದು ಡಿಕ್ಕಿಯಲ್ಲಿ ಹಾಕಿಕೊಂಡೆ.

ಸರಿಯಾಗಿ ಐದು ವಾರ. ಅದೇ ಚಕ್ರ, ಅದೇ ವಾಸನೆ. ಹೊಸ ಪೀಸೇ ಕೆಟ್ಟದ್ದು ಬಂದಿರಬೇಕು, ಇನ್ನೊಂದು ತರಿಸೋಣ ಅಂದರು ಅಲ್ಲಿ. ಒಂದೇ ತಪ್ಪು ಎರಡು ಸಲ ಆದರೆ ಸೂತ್ರವನ್ನೇ ಅನುಮಾನಿಸಬೇಕಲ್ವಾ? ಎದ್ದು ಬಂದೆ.

ಎರಡನೇ ಕಡೆ ಒಬ್ಬರೇ ಕೆಲಸ ಮಾಡುವ ವಯಸ್ಸಾದ ಮೆಕ್ಯಾನಿಕ್. ಗಾಡಿ ನೋಡುವ ಮೊದಲೇ, "ಒಂದು ಸುತ್ತು ಹೋಗಿ ಬನ್ನಿ ಅಮ್ಮಾ, ನಾಲ್ಕೈದು ಸಲ ಬ್ರೇಕ್ ಹಿಡೀರಿ. ತಣ್ಣಗಿರುವಾಗ ಕಳ್ಳ ಸಿಗಲ್ಲ" ಅಂದರು. ಹೋಗಿ ಬಂದೆ. ಅವರು ಚಕ್ರಕ್ಕೆ ಜಾಕ್ ಕೊಟ್ಟು ಎತ್ತಿದರು, ಕೆಳಗೆ ಸ್ಟ್ಯಾಂಡ್ ಇಟ್ಟರು. ನನ್ನನ್ನು ಒಳಗೆ ಕೂರಿಸಿ ಬ್ರೇಕ್ ಒತ್ತಿಸಿ ಬಿಡಿಸಿದರು. ಕೈಯಲ್ಲಿ ಚಕ್ರ ತಿರುಗಿಸಿದರೆ ಅಲ್ಲಾಡಲಿಲ್ಲ. ಆಮೇಲೆ ಕ್ಯಾಲಿಪರ್ ಮೇಲಿನ, ಗಾಳಿ ಮತ್ತು ಹಳೇ ಆಯಿಲ್ ಹೊರಬಿಡುವ ಬ್ಲೀಡಿಂಗ್ ನಿಪ್ಪಲ್‌ಗೆ ಒಂದು ಸಣ್ಣ ಟ್ಯೂಬ್ ಹಾಕಿ, ಇನ್ನೊಂದು ತುದಿ ಬಾಟಲಿಗೆ ಬಿಟ್ಟು, ಸ್ಪ್ಯಾನರಿನಲ್ಲಿ ಅರ್ಧ ಸುತ್ತು ಸಡಿಲಿಸಿದರು. ಚಿಮ್ಮಿದ ಬ್ರೇಕ್ ಆಯಿಲ್ ಸ್ವಲ್ಪವೇ. ಚಕ್ರ ತಟ್ಟನೆ ಬಿಟ್ಟುಕೊಂಡಿತು, ಬೆರಳಲ್ಲಿ ತಳ್ಳಿದರೂ ತಿರುಗುತ್ತಿತ್ತು.

"ಕ್ಯಾಲಿಪರ್‌ದು ತಪ್ಪಿಲ್ಲ. ಒಳಗೆ ಪ್ರೆಷರ್ ಸಿಕ್ಕಿಹಾಕಿಕೊಂಡಿದೆ" ಅಂದರು.

ನಾನು ಹೇಳಬೇಕಾದದ್ದು ಇಷ್ಟೇ, ಸಂಪಾದಕರೇ. ನಿಪ್ಪಲ್ ಸಡಿಲಿಸಿದಾಗ ಚಕ್ರ ಬಿಟ್ಟುಕೊಂಡರೆ ರೋಗ ಮೇಲೆಲ್ಲೋ ಇದೆ. ಆಗ ಕ್ಯಾಲಿಪರಿಗೆ ಆಯಿಲ್ ತರುವ ರಬ್ಬರ್ ಹೋಸ್ ಪೈಪ್ ಅಥವಾ ಪೆಡಲಿನ ಒತ್ತಡವನ್ನು ಆಯಿಲಿಗೆ ಕೊಡುವ ಮಾಸ್ಟರ್ ಸಿಲಿಂಡರ್ ನೋಡಬೇಕು. ಬಿಟ್ಟುಕೊಳ್ಳದಿದ್ದರೆ ರೋಗ ಅಲ್ಲೇ ಚಕ್ರದ ಹತ್ತಿರ, ಪಿಸ್ಟನ್ನೋ, ಕ್ಯಾಲಿಪರ್ ಜಾರುವ ಪಿನ್ನೋ, ಪ್ಯಾಡೋ ಸಿಕ್ಕಿಕೊಂಡಿದೆ. ಇದಕ್ಕೆ ಬೇಕಾಗುವುದು ಐದು ನಿಮಿಷ, ಒಂದು ಸ್ಪ್ಯಾನರ್. ಇಷ್ಟು ಮಾಡದೆ ಕ್ಯಾಲಿಪರ್ ಬದಲಿಸಿ ಅನ್ನುವುದು ಊಹೆ. ಹಳೇ ಗಾಡಿಯಲ್ಲಿ ಆ ನಿಪ್ಪಲ್ ತುಕ್ಕು ಹಿಡಿದು ಮುರಿಯುವ ಭಯ ಇರುತ್ತದೆ, ನಿಜ. ಹಿಂದಿನ ದಿನವೇ ತುಕ್ಕು ಬಿಡಿಸುವ ಸ್ಪ್ರೇ ಹಾಕಿಟ್ಟರೆ ಸಾಮಾನ್ಯವಾಗಿ ಬರುತ್ತದೆ. ಎಷ್ಟು ಮಾಡಿದರೂ ಬರದಿದ್ದರೆ, ಹೌದು, ಅದು ಹೊಸ ಕ್ಯಾಲಿಪರ್ ಹಾಕಲು ಒಂದು ಒಳ್ಳೆಯ ಕಾರಣ.

ನನ್ನ ಗಾಡಿಯಲ್ಲಿ ಹೋಸ್. ಅವರು ಅದನ್ನು ಬಿಚ್ಚಿ ಚಾಕುವಿನಿಂದ ಉದ್ದಕ್ಕೆ ಸೀಳಿ ತೋರಿಸಿದರು. ಹೊರಗೆ ನೋಡಿದರೆ ಒಂದು ಬಿರುಕೂ ಇಲ್ಲ. ಒಳಗಿನ ರಬ್ಬರ್ ಉಬ್ಬಿ, ನಡುವಿನ ದಾರಿ ಸೂಜಿಯ ಕಣ್ಣಿನಷ್ಟಾಗಿತ್ತು. ನನಗೆ ಅರ್ಥವಾಗದ್ದು ಒಂದೇ. ಆಯಿಲ್ ಹೋಗುವ ದಾರಿಯೇ ಬರುವ ದಾರಿ. ಹೋಗುವಾಗ ಹೋಗುತ್ತೆ, ಬರುವಾಗ ಯಾಕೆ ಬರಲ್ಲ?

ಅದಕ್ಕೆ ಅವರು ನನ್ನ ಡಿಕ್ಕಿಯಲ್ಲಿದ್ದ ಹಳೇ ಕ್ಯಾಲಿಪರನ್ನು ಬೆಂಚಿನ ಮೇಲೆ ಇಟ್ಟು ಬಿಚ್ಚಿದರು. ಪಿಸ್ಟನ್ ಹೊರಗೆ ಬರಲು ಗಾಳಿ ಕೊಡುವಾಗ ಎದುರಿಗೆ ಒಂದು ಮರದ ತುಂಡು ಇಟ್ಟು, "ಇಲ್ಲಿ ಬೆರಳಿಟ್ಟವರ ಬೆರಳು ಹೋಗಿದೆ" ಅಂತ ನನ್ನನ್ನು ದೂರ ನಿಲ್ಲಿಸಿದರು. ಪಿಸ್ಟನ್ ಕನ್ನಡಿಯಂತೆ ಹೊಳೆಯುತ್ತಿತ್ತು. ಅದನ್ನು ಹಿಂದಕ್ಕೆ ಎಳೆಯುವ ಸ್ಪ್ರಿಂಗ್ ಎಲ್ಲಿ ಅಂತ ಕೇಳಿದೆ. ಸ್ಪ್ರಿಂಗೇ ಇಲ್ಲವಂತೆ! ಪಿಸ್ಟನ್ ಓಡಾಡುವ ಸಿಲಿಂಡರಿನ ಒಳಗೋಡೆಗೆ ಕೊರೆದ ಕಾಲುವೆಯಲ್ಲಿ ಒಂದು ರಬ್ಬರ್ ಉಂಗುರ ಕೂತಿರುತ್ತದೆ. ಅಡ್ಡ ಕೊಯ್ದರೆ ದುಂಡಗಲ್ಲ, ಚೌಕ. ಮಕ್ಕಳ ಎರೇಸರನ್ನು ಮೇಜಿನ ಮೇಲಿಟ್ಟು ಬೆರಳಿನಿಂದ ಒತ್ತಿ ಪಕ್ಕಕ್ಕೆ ತಳ್ಳಿ ನೋಡಿ. ಅದು ಜಾರುವ ಮೊದಲು ಸ್ವಲ್ಪ ವಾಲುತ್ತದೆ, ಬಿಟ್ಟರೆ ನೆಟ್ಟಗಾಗುತ್ತದೆ. ಬ್ರೇಕ್ ಒತ್ತಿದಾಗ ಪಿಸ್ಟನ್ ಜೊತೆ ಆ ಉಂಗುರದ ಅಂಚು ಹೀಗೇ ವಾಲುತ್ತದೆ. ಬಿಟ್ಟಾಗ ನೆಟ್ಟಗಾಗಿ ಪಿಸ್ಟನ್ನನ್ನು ಮಿಲಿಮೀಟರಿನ ಒಂದು ಸಣ್ಣ ಪಾಲಿನಷ್ಟು ಹಿಂದಕ್ಕೆ ತರುತ್ತದೆ. ಅಷ್ಟೇ ಸಾಕು, ಚಕ್ರ ಬಿಡುಗಡೆ. ಪ್ಯಾಡ್ ಸವೆದ ಹಾಗೆ ಪಿಸ್ಟನ್ ಉಂಗುರದೊಳಗೆ ಸ್ವಲ್ಪ ಸ್ವಲ್ಪವೇ ಮುಂದೆ ಜಾರಿಕೊಂಡು ಹೋಗುತ್ತದೆ, ಆದ್ದರಿಂದ ಯಾರೂ ಅಡ್ಜಸ್ಟ್ ಮಾಡಬೇಕಾಗಿಲ್ಲ. ಇಷ್ಟು ಚಂದದ ರೇಖಾಗಣಿತ ನನ್ನ ಕಾರಿನೊಳಗೆ ಇಷ್ಟು ವರ್ಷ ಇತ್ತು, ನನಗೆ ಗೊತ್ತೇ ಇರಲಿಲ್ಲ.

ಹೋಸಿನ ಪ್ರಶ್ನೆಗೂ ಉತ್ತರ ಅಲ್ಲೇ ಇತ್ತು. ಹೋಗುವಾಗ ತಳ್ಳುವುದು ಕಾಲಿನ ಬಲ, ಅದರ ಹಿಂದೆ ಆ ಬಲವನ್ನು ಹೆಚ್ಚಿಸುವ ಬೂಸ್ಟರಿನ ಬಲ. ಸೂಜಿಯ ಕಣ್ಣಿನಲ್ಲೂ ತೂರಿಸಿಬಿಡುತ್ತದೆ. ಬರುವಾಗ ತಳ್ಳಲು ಇರುವುದು ಆ ಪುಟ್ಟ ಉಂಗುರ ಒಂದೇ. ಬಾಗಿಲು ಒಂದೇ ಕಡೆ ತೆರೆದಂತಾಯಿತು. ಒಂದೇ ಚಕ್ರ ಹಿಡಿದರೆ ಹೀಗೆ ಹೋಸ್ ಮೇಲೆ ಅನುಮಾನ. ಎರಡು ಮೂರು ಚಕ್ರ ಒಟ್ಟಿಗೆ ಹಿಡಿದರೆ, ಅಥವಾ ಪೆಡಲಿಗೆ ಸ್ವಲ್ಪವೂ ಆಟ ಇಲ್ಲದಿದ್ದರೆ, ಮಾಸ್ಟರ್ ಸಿಲಿಂಡರ್ ಕಡೆ ಹೋಗಬೇಕು. ಎರಡೂ ಬದಿಯ ಹೋಸ್ ಬದಲಿಸಿದರು, ಜೊತೆಗೆ ತಾಮ್ರದ ಹೊಸ ವಾಷರ್. ಎಡದ್ದು ಉಬ್ಬಿದ್ದರೆ ಅದರ ಅವಳಿಗೂ ಅಷ್ಟೇ ವಯಸ್ಸು ತಾನೇ.

ಹಾಗಂತ ಕ್ಯಾಲಿಪರ್ ಎಂದೂ ತಪ್ಪು ಮಾಡುವುದಿಲ್ಲ ಅಂತಲ್ಲ. ಎರಡು ವರ್ಷದ ನಂತರ ಬಲ ಚಕ್ರ ಹಿಡಿಯಿತು. ಈ ಸಲ ಪಾಠ ನನಗೇ ಬರುತ್ತಿತ್ತು. ನಿಪ್ಪಲ್ ಸಡಿಲಿಸಿದರೂ ಚಕ್ರ ಬಿಡಲಿಲ್ಲ. ಕ್ಯಾಲಿಪರ್ ಕಳಚಿ, ಅದು ಆಚೀಚೆ ಜಾರುವ ಎರಡು ಸ್ಲೈಡ್ ಪಿನ್ ಎಳೆದು ನೋಡಿದರು. ಎರಡೂ ಸಲೀಸು. ಒಳಗಿನ ಪ್ಯಾಡೂ ಹೊರಗಿನ ಪ್ಯಾಡೂ ಹೆಚ್ಚು ಕಡಿಮೆ ಒಂದೇ ದಪ್ಪ ಇದ್ದರೆ ಪಿನ್ ಮೇಲೆ ಅನುಮಾನ ಕಡಿಮೆಯಂತೆ, ನನ್ನದರಲ್ಲಿ ಒಳಗಿನದ್ದು ಜಾಸ್ತಿ ಸವೆದಿತ್ತು. ಪಿನ್ ಸಲೀಸಾಗಿದ್ದ ಮೇಲೆ ಅದರ ಅರ್ಥ ಒಂದೇ, ಪಿಸ್ಟನ್ ಹಿಂದೆ ಬರುತ್ತಿರಲಿಲ್ಲ. ಧೂಳು ತಡೆಯುವ ರಬ್ಬರ್ ಬೂಟ್ ಒಂದು ಕಡೆ ಹರಿದಿತ್ತು. ಅಲ್ಲಿಂದ ನೀರು ಹೋಗಿ ಪಿಸ್ಟನ್ ಮೇಲಿನ ಕ್ರೋಮ್ ಎದ್ದು, ಸಿಡುಬಿನ ಕಲೆಯಂತೆ ಗುಳಿ ಬಿದ್ದಿತ್ತು.

ಹೊಸ ಪಿಸ್ಟನ್, ಸೀಲ್ ಕಿಟ್ (ಆ ರಬ್ಬರ್ ಉಂಗುರದ ಸೆಟ್) ಹಾಕಿದರು. ಸಿಲಿಂಡರ್ ಚೆನ್ನಾಗಿದ್ದದ್ದರಿಂದ ಅದು ಸಾಕಾಯಿತು. ಎಮರಿ ಪೇಪರಿನಲ್ಲಿ ಆ ಪಿಸ್ಟನ್ನನ್ನೇ ಉಜ್ಜಿ ಹಾಕಬಹುದಲ್ಲ ಅಂದಿದ್ದಕ್ಕೆ ಅವರು ನನ್ನತ್ತ ನೋಡಿದ ನೋಟ, ನಾನು ಲೆಕ್ಕ ಕಾಪಿ ಹೊಡೆದವರತ್ತ ನೋಡುತ್ತಿದ್ದ ನೋಟವೇ. ಉಜ್ಜಿದರೆ ಉಳಿದ ಕ್ರೋಮೂ ಹೋಗಿ ತುಕ್ಕು ಇನ್ನೂ ಬೇಗ ಬರುತ್ತದೆ. ಆದರೆ ಉಂಗುರ ಕೂರುವ ಕಾಲುವೆಯನ್ನು ಮಾತ್ರ ಬಹಳ ಹೊತ್ತು ಮೆಲ್ಲಗೆ ಕೆರೆದು ಒರೆಸಿದರು. ಅಲ್ಲಿ ತುಕ್ಕು ಕೂತರೆ ಅದು ಹೊಸ ಉಂಗುರವನ್ನೂ ಒಳಕ್ಕೆ ಒತ್ತಿ ಪಿಸ್ಟನ್ನನ್ನು ಹಿಚುಕುತ್ತದೆ. ಕಿಟ್ ಹಾಕಿದರೂ ಮತ್ತೆ ಜಾಮ್ ಆಯಿತು ಅನ್ನುವವರು ಆ ಕಾಲುವೆ ತೊಳೆದಿದ್ದರೋ ಇಲ್ಲವೋ ಕೇಳಬೇಕು. ಸಿಲಿಂಡರೇ ಆಳವಾಗಿ ತಿಂದುಹೋಗಿದ್ದರೆ, ಪಿಸ್ಟನ್ ಸಿಗದಿದ್ದರೆ, ಹೊಸದೇ ಸರಿ. ನಾನೂ ಆಗ ಹೊಸದನ್ನೇ ಹಾಕಿಸುತ್ತೇನೆ.

ಪಿನ್‌ಗೆ ಹಾಕುವ ಗ್ರೀಸ್ ಬಗ್ಗೆ ಒಂದು ಮಾತು. ಬೇರಿಂಗ್‌ಗೆ ಹಾಕುವ ಸಾದಾ ಗ್ರೀಸ್ ಇಲ್ಲಿ ವಿಷ. ಪೆಟ್ರೋಲಿಯಂ ತಾಗಿದರೆ ಬ್ರೇಕಿನ ರಬ್ಬರ್ ಉಬ್ಬುತ್ತದೆ, ಸಲೀಸಾಗಲಿ ಅಂತ ಹಾಕಿದ್ದೇ ಕೆಲವು ತಿಂಗಳಲ್ಲಿ ಪಿನ್ನನ್ನು ಹಿಡಿದುಬಿಡುತ್ತದೆ. ಬ್ರೇಕಿಗೆಂದೇ ಬರುವ ಸಿಲಿಕೋನ್ ಗ್ರೀಸ್ ಬೇಕು. ಸೀಲನ್ನು ಪೆಟ್ರೋಲಿನಲ್ಲಿ ತೊಳೆಯುವುದೂ ಇದೇ ತಪ್ಪು.

ಬ್ರೇಕ್ ಆಯಿಲ್ ಬಗ್ಗೆ ನಿಮ್ಮ ಬರಹದಲ್ಲಿ ಒಂದು ಸಾಲೂ ಇರಲಿಲ್ಲ, ನನಗೆ ಜಾಸ್ತಿ ಬೇಸರವಾಗಿದ್ದು ಅದಕ್ಕೆ. ಅದು ಗಾಳಿಯ ತೇವ ಹೀರುತ್ತದೆ. ಆ ನೀರೇ ಒಳಗಿನಿಂದ ತುಕ್ಕು ಹಿಡಿಸುವುದು. ಡಾಟ್ 4 ಎಂಬ ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ನಿಯಮ. ಶೇ 3.7ರಷ್ಟು ನೀರು ಸೇರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಹಿಡಿದುಕೊಂಡ ಬ್ರೇಕಿನ ಕಾವಿಗೆ ಅದು ಕುದಿದರೆ ಪೈಪಿನಲ್ಲಿ ಆವಿ ತುಂಬಿಕೊಳ್ಳುತ್ತದೆ, ಪೆಡಲ್ ನೆಲ ಮುಟ್ಟಿದರೂ ಗಾಡಿ ನಿಲ್ಲುವುದಿಲ್ಲ. ಅಂದರೆ ಚಕ್ರ ಹಿಡಿದುಕೊಳ್ಳುವ ರೋಗವೇ ಕೊನೆಗೆ ಬ್ರೇಕ್ ಹಿಡಿಯದ ರೋಗ ಆಗುತ್ತದೆ. ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸಿ ಎಂದು ಅನೇಕ ಕಾರುಗಳ ಕೈಪಿಡಿಯಲ್ಲೇ ಇರುತ್ತದೆ. ನನ್ನ ಕಾರಿನದ್ದು ಆ ಮೊದಲ ಘಟನೆಯವರೆಗೆ ಎಷ್ಟು ವರ್ಷ ಬದಲಾಗಿರಲಿಲ್ಲ ಅಂತ ಇಲ್ಲಿ ಬರೆಯಲು ನಾಚಿಕೆ. ಬಾಟಲಿಗೆ ಬಂದದ್ದು ಕಷಾಯದ ಬಣ್ಣಕ್ಕಿತ್ತು.

ದಾರಿಯಲ್ಲಿ ಚಕ್ರ ಕಾದರೆ ನಿಲ್ಲಿಸಿ, ತಾನೇ ಆರಲು ಬಿಡಿ. ಕಾದ ಡಿಸ್ಕಿಗೆ ತಣ್ಣೀರು ಸುರಿಯಬೇಡಿ, ಸೊಟ್ಟಗಾಗಬಹುದು, ಬಿರಿಯಲೂಬಹುದು. ಕೈಯಲ್ಲಿ ಮುಟ್ಟಿ ನೋಡುವ ಧೈರ್ಯವೂ ಬೇಡ. ಹತ್ತಿರ ಹಿಡಿದರೆ ಸಾಕು, ಎರಡೂ ಬದಿಯ ವ್ಯತ್ಯಾಸ ತಿಳಿಯುತ್ತದೆ.

ಕೊನೆಗೆ ಆ ಬರಹದ ಜೊತೆ ಅಚ್ಚಾದ ಚಿತ್ರದ ವಿಷಯ. ಹೊಸ ಕ್ಯಾಲಿಪರ್ ಕೂರಿಸಿದ ಚಕ್ರ, ಪಕ್ಕದಲ್ಲಿ ನಗುತ್ತಿರುವ ಹುಡುಗ. ಚಿತ್ರ ದೊಡ್ಡದಾಗಿದ್ದರಿಂದ ಕಂಡಿತು. ಅದರಲ್ಲಿ ನಿಪ್ಪಲ್ ಕೆಳಭಾಗದಲ್ಲಿದೆ. ಸಾಮಾನ್ಯವಾಗಿ ಅದು ಮೇಲಿರಬೇಕು, ಗಾಳಿಯ ಗುಳ್ಳೆ ಮೇಲೇರುತ್ತದಲ್ಲ. ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿದರೆ ಹೀಗಾಗುತ್ತದೆ, ಆಮೇಲೆ ಎಷ್ಟು ಹೊತ್ತು ಪೆಡಲ್ ಒತ್ತಿದರೂ ಏರ್ ಪೂರ್ತಿ ಹೋಗುವುದಿಲ್ಲ. ಚಿತ್ರವೇ ತಲೆಕೆಳಗಾಗಿ ಅಚ್ಚಾಗಿದೆ ಅನ್ನೋಣವೆಂದರೆ ಹುಡುಗ ನೆಟ್ಟಗೇ ನಿಂತಿದ್ದಾನೆ. ದಯವಿಟ್ಟು ಆ ಕಾರಿನವರನ್ನು ಹುಡುಕಿ, ಗಾಡಿ ಹೊರಗೆ ತೆಗೆಯುವ ಮೊದಲು ಇಷ್ಟು ತಿಳಿಸಿಬಿಡಿ.

ಇಂತಿ,
ನಿವೃತ್ತ ಗಣಿತ ಶಿಕ್ಷಕಿ, ನಿಮ್ಮ ಹಳೆಯ ಓದುಗಾರ್ತಿ