ಇನ್ನು ಮೇಲೆ ಡೆಲಿವರಿ ಎರಡು ದಿನ ತಡ

ನಮ್ಮ ಗ್ರಾಹಕರಿಗೆಲ್ಲ ನಮಸ್ಕಾರ.

ಮುಂದಿನ ಒಂದನೇ ತಾರೀಖಿನಿಂದ ನಮ್ಮಲ್ಲಿ ಜೋಡಿಸಿದ ಯಾವ ಕಂಪ್ಯೂಟರನ್ನೂ ಅದೇ ದಿನ ಕೊಡುವುದಿಲ್ಲ. ಎರಡು ದಿನ ಬೆಂಚಿನ ಮೇಲೆ ಇಟ್ಟುಕೊಂಡು 25 ಸಲ ಸ್ಲೀಪ್‌ಗೆ ಹಾಕಿ ಎಬ್ಬಿಸುತ್ತೇವೆ. ಒಂದು ಸಲ ರಾತ್ರಿಯಿಡೀ. ಇದಕ್ಕೆ ಬೇರೆ ಚಾರ್ಜ್ ಇಲ್ಲ.

ತಪ್ಪು ನಮ್ಮದೂ ಇದೆ. ಈ ಮಳೆಗಾಲದಲ್ಲಿ ನಾಲ್ಕು ಮೆಷಿನ್ ವಾಪಸ್ ಬಂದವು. ಮೂರರದ್ದು ಒಂದೇ ಕಥೆ. ಬೆಳಿಗ್ಗೆ ಕೀ ಒತ್ತಿದರೆ ಫ್ಯಾನ್ ತಿರುಗುತ್ತದೆ, ಕೀಬೋರ್ಡ್ ಲೈಟ್ ಹತ್ತುತ್ತದೆ, ಮಾನಿಟರ್ ಮಾತ್ರ ಕಪ್ಪು. ಮದುವೆ ಆಲ್ಬಂ ಅರ್ಧ ಮಾಡಿಟ್ಟು ಮಲಗಿದ್ದ ಸ್ಟುಡಿಯೋದವರಿಗೆ ಏನಂತ ಉತ್ತರ ಕೊಡಲಿ? ಕೊಡುವ ಮುಂಚೆ ರಾತ್ರಿಯೆಲ್ಲ ಮೆಮ್‌ಟೆಸ್ಟ್, ಅಂದರೆ ರಾಮ್ (ಮೆಮೊರಿ) ಪರೀಕ್ಷಿಸುವ ಪ್ರೋಗ್ರಾಂ, ಓಡಿಸಿದ್ದೆವು, ಒಂದೂ ಎರರ್ ಇರಲಿಲ್ಲ. ಎಚ್ಚರವಿದ್ದಾಗ ಸರಿಯಿರುವ ರಾಮ್ ಏಳುವಾಗ ತಡವರಿಸಬಹುದು ಅಂತ ನಾವು ನೋಡಿಯೇ ಇರಲಿಲ್ಲ. ಕ್ಷಮಿಸಿ.

ನಾಲ್ಕನೆಯದರಲ್ಲಿ ದೋಷವೇ ಇರಲಿಲ್ಲ. ಸ್ಲೀಪ್‌ನಲ್ಲಿದ್ದಾಗಲೂ ರಾಮ್‌ಗೆ ಸ್ವಲ್ಪ ಕರೆಂಟ್ ಬೇಕು. ನಡುರಾತ್ರಿ ಕರೆಂಟ್ ಹೋಗಿದೆ, ಯುಪಿಎಸ್ ಇಲ್ಲ. ಅದಕ್ಕೂ ಬೈಗುಳ ನಮಗೇ ಬಂತು, ಇರಲಿ.

ಈಗ ಕೌಂಟರಿನಲ್ಲಿ ದಿನಾ ಕೇಳುವ ಮಾತು: “6000 ಸ್ಪೀಡಿನ ರಾಮ್‌ಗೆ ದುಡ್ಡು ತಗೊಂಡು ಕಡಿಮೆ ಸ್ಪೀಡಿಗೆ ಇಟ್ಟು ಕೊಡ್ತೀರಲ್ಲ?” ಬೇಜಾರಾಗುತ್ತದೆ, ನಿಜ ಹೇಳಬೇಕು ಅಂದರೆ. ಡಬ್ಬಿಯ ಮೇಲಿನ 6000, ಎಕ್ಸ್‌ಪೋ ಅನ್ನುವ ಸೆಟ್ಟಿಂಗ್ ಆನ್ ಮಾಡಿದರೆ ಸಿಗುವ ಸ್ಪೀಡು. ಅದು ಓವರ್‌ಕ್ಲಾಕ್, ಅಂದರೆ ಕಂಪನಿ ಹೇಳಿದ ಸ್ಪೀಡಿಗಿಂತ ಜಾಸ್ತಿ ಓಡಿಸುವುದು. ರೈಜನ್ 7000 ಸಾಲಿನ ಡೆಸ್ಕ್‌ಟಾಪ್ ಪ್ರೊಸೆಸರಿಗೆ ಅದನ್ನು ಮಾಡುವ ಎಎಮ್‌ಡಿ ಕಂಪನಿ ಹೇಳಿರುವುದೇ 5200. ಬಹಳ ಮದರ್‌ಬೋರ್ಡುಗಳಲ್ಲಿ 6000 ಆರಾಮಾಗಿ ನಡೆಯುತ್ತದೆ, ಸುಳ್ಳಲ್ಲ. ಆದರೆ ಸ್ಲೀಪ್‌ನಿಂದ ಏಳುವಾಗ ಬೋರ್ಡು ರಾಮನ್ನು ಹೊಸದಾಗಿ ಅಳೆಯುತ್ತಾ ಕೂರುವುದಿಲ್ಲ. ಮೊದಲು ಬರೆದಿಟ್ಟುಕೊಂಡ ಲೆಕ್ಕವನ್ನೇ ಹಾಕುತ್ತದೆ. ಲೆಕ್ಕ ಅಂಚಿನಲ್ಲಿದ್ದರೆ ಅಲ್ಲೇ ಕೈಕೊಡುತ್ತದೆ. ಆ ಮೂರರಲ್ಲಿ ಎರಡು, ಬಯಾಸ್ (ಬೋರ್ಡಿನೊಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿದ ಮೇಲೆ 6000ದಲ್ಲೇ ಎದ್ದವು. ಒಂದನ್ನು 5600ಕ್ಕೆ ಇಳಿಸಬೇಕಾಯಿತು. ಇನ್ನು ಮುಂದೆ ಎಷ್ಟರಲ್ಲಿ 25 ಸಲವೂ ಎದ್ದಿತೋ ಅಷ್ಟಕ್ಕೇ ಇಟ್ಟು, ಬಿಲ್ಲಿನ ಮೇಲೆ ಬರೆದು ಕೊಡುತ್ತೇವೆ.

ವಾರಂಟಿ ಕಂಪನಿಯದ್ದು, ಸರಿ. ಬೆಂಗಳೂರಿನ ಸರ್ವಿಸ್ ಸೆಂಟರಿಗೆ ಹೋಗಿ ಬರುವ ಕೊರಿಯರ್ ದುಡ್ಡು ಮಾತ್ರ ನಮ್ಮ ಜೇಬಿನದು. ಅಲ್ಲಿ ಹತ್ತು ನಿಮಿಷ ಆನ್ ಮಾಡಿ ನೋಡಿ, “ನೋ ಫಾಲ್ಟ್” ಅಂತ ಚೀಟಿ ಅಂಟಿಸಿ ಕಳಿಸುತ್ತಾರೆ. ಸ್ಲೀಪ್‌ಗೆ ಹಾಕಿ ನೋಡುವಷ್ಟು ಪುರುಸೊತ್ತು ಯಾರಿಗಿದೆ? 2025ರ ಕೊನೆಯಿಂದ ರಾಮ್ ರೇಟು ಏರಿದ್ದೂ ನಮ್ಮಿಂದಲ್ಲ. ಎಐ ಡೇಟಾ ಸೆಂಟರ್‌ಗಳು ಚಿಪ್ ಬಾಚಿಕೊಳ್ಳುತ್ತಿವೆ, ಉಳಿದದ್ದಕ್ಕೆ ನಾವೂ ನೀವೂ ಜಾಸ್ತಿ ಕೊಡಬೇಕು.

ಹಳೇ ಮೆಷಿನ್ ಇರುವವರೂ ತನ್ನಿ, ಇದೇ ಪರೀಕ್ಷೆ ಮಾಡಿಕೊಡುತ್ತೇನೆ. ವಿಂಡೋಸ್‌ನ ದಾಖಲೆ ತೋರಿಸುವ ಇವೆಂಟ್ ವ್ಯೂವರ್‌ನಲ್ಲಿ ಕರ್ನಲ್ ಪವರ್ 41 ಅನ್ನುವ ಎರರ್ ಕಂಡ ತಕ್ಷಣ ಪವರ್ ಸಪ್ಲೈ ಹೋಯಿತು ಅಂತ ಹೊಸದು ಕೊಳ್ಳಬೇಡಿ. ಸರಿಯಾಗಿ ಶಟ್‌ಡೌನ್ ಆಗಲಿಲ್ಲ ಅನ್ನುವುದಷ್ಟೇ ಅದರ ಅರ್ಥ. ಸಿಪಿಯು ಕ್ಯಾಬಿನೆಟ್ ಒಂದೇ ತಂದರೆ ಸಾಕು, ಮಾನಿಟರ್ ಬೇಡ. ಮತ್ತೆ ದಯವಿಟ್ಟು ಫಾರ್ಮ್ಯಾಟ್ ಮಾಡಿಸಿಕೊಂಡು ಬರಬೇಡಿ, ನಮಗೆ ಬೇಕಾದ ಸುಳಿವೆಲ್ಲ ಅದರಲ್ಲೇ ಅಳಿಸಿ ಹೋಗುತ್ತದೆ. ಕ್ಯಾಬಿನೆಟ್ ಪಕ್ಕದ ಚೀಟಿಯಲ್ಲಿರುವುದು ಈಗಲೂ ನನ್ನದೇ ನಂಬರು. ರಾತ್ರಿ ಒಂಬತ್ತರ ತನಕ ಎತ್ತುತ್ತೇನೆ.